‘ಕರುಣಾಳು ಬಾ ಬೆಳಕೆ’ಯಲ್ಲಿ ಗರ್ವ ಮತ್ತು ದೈನ್ಯ: ಒಂದು ಕ್ರೈಸ್ತ ಪ್ರಾರ್ಥನೆಯ ಕನ್ನಡ ರೂಪ

ಕನ್ನಡದಲ್ಲಿ ಕ್ರೈಸ್ತ ಸಾಹಿತ್ಯವನ್ನು ಕುರಿತ ಅಧ್ಯಯನಗಳು ಬಹುಮಟ್ಟಿಗೆ ಮಿಶನರಿಗಳ ಸುತ್ತ ನಡೆದಿವೆ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಆರಂಭಿಸಿದ ಬೈಬಲ್ ಅನುವಾದ, 1843ರ ‘ಮಂಗಳೂರ ಸಮಾಚಾರ’, 1894ರ ಕಿಟೆಲ್ ನಿಘಂಟು ಇವು ಅಂತಹ ಅಧ್ಯಯನಗಳ ರೂಢಿಯ ನಿಲ್ದಾಣಗಳು. ಸೃಜನಶೀಲ ಸಾಹಿತ್ಯದ ಕಡೆಗೆ ಹೊರಳಿದರೆ ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಎದುರಾಗುತ್ತದೆ. ಇವೆಲ್ಲವೂ ಮಹತ್ತ್ವದವೇ. ಆದರೆ ಕ್ರೈಸ್ತರಲ್ಲದ ಕನ್ನಡಿಗರ ನಾಲಗೆಯ ಮೇಲೆ ಅತಿ ಹೆಚ್ಚು ಕಾಲ ನಿಂತಿರುವ ಕ್ರೈಸ್ತ ಪ್ರಾರ್ಥನೆ ಇವುಗಳಲ್ಲಿ ಯಾವುದೂ ಅಲ್ಲ. ಅದು ಬಿ.ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿರುವ ‘ಕರುಣಾಳು ಬಾ ಬೆಳಕೆ’. ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ಬರೆದ ‘ಲೀಡ್, ಕೈಂಡ್ಲಿ ಲೈಟ್’ ಇದರ ಮೂಲ. ಶಾಲೆಯ ಪ್ರಾರ್ಥನೆಯಾಗಿ, ಸಭೆಯ ನಾಂದಿಯಾಗಿ, ಸುಗಮ ಸಂಗೀತದ ಗೀತೆಯಾಗಿ ಇದು ಎಷ್ಟು ಸಹಜವಾಗಿ ಹರಿದು ಬಂದಿದೆಯೆಂದರೆ ಇದೊಂದು ಅನುವಾದವೆಂಬುದೇ ಹಲವರಿಗೆ ಮರೆತುಹೋಗಿದೆ. ಇದು ಗರ್ವವನ್ನು ಕುರಿತ ಪದ್ಯ ಎಂಬುದು ಅದಕ್ಕಿಂತಲೂ ಹೆಚ್ಚಾಗಿ ಮರೆತಿದೆ. ಕ್ರೈಸ್ತ ಶ್ರದ್ಧೆಯಲ್ಲಿ ಗರ್ವದಿಂದ ದೈನ್ಯಕ್ಕೆ ಸಾಗುವ ದಾರಿ ಯಾವುದು, ಆ ದಾರಿ ಕನ್ನಡದ ಶಬ್ದಗಳ ಮೂಲಕ ಹಾದುಬಂದಾಗ ಎಲ್ಲಿ ಬದಲಾಯಿತು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೂಲ ಪದ್ಯದ ಹುಟ್ಟಿನ ಸಂದರ್ಭವನ್ನು ತುಸು ವಿವರವಾಗಿಯೇ ನೋಡಬೇಕಾಗುತ್ತದೆ. ನ್ಯೂಮನ್ ಆಗ 32 ವರ್ಷದ ಆಂಗ್ಲಿಕನ್ ಗುರು, ಆಕ್ಸ್‌ಫರ್ಡಿನ ಓರಿಯಲ್ ಕಾಲೇಜಿನ ಫೆಲೋ. 1832ರ ಡಿಸೆಂಬರಿನಲ್ಲಿ ಗೆಳೆಯ ಹರೆಲ್ ಫ್ರೌಡ್ ಮತ್ತು ಅವನ ತಂದೆಯೊಡನೆ ಮೆಡಿಟರೇನಿಯನ್ ಯಾತ್ರೆಗೆ ಹೊರಟನು. ಹೊರಡುವ ಮುನ್ನ, ಡಿಸೆಂಬರ್ 2ರಂದು, ವಿಶ್ವವಿದ್ಯಾಲಯದ ಪೀಠದಿಂದ ಅವನು ಮಾಡಿದ ಪ್ರವಚನದ ವಿಷಯ ಸ್ವೇಚ್ಛಾಚಾರ. ದೇವರ ಆಜ್ಞೆಗಿಂತ ತನ್ನ ಬುದ್ಧಿಯೇ ಮೇಲೆಂದು ನಡೆದುಕೊಂಡ ದೊರೆ ಸೌಲನ ಪಾಪವನ್ನು ಅವನು ಅಲ್ಲಿ ವಿವರಿಸಿದ್ದನು. ರೋಮಿನಿಂದ ಫ್ರೌಡ್ ತಂದೆಮಗ ಊರಿನ ಕಡೆ ತಿರುಗಿದರೂ ನ್ಯೂಮನ್ ಒಬ್ಬನೇ ಸಿಸಿಲಿಗೆ ಮರಳಿದನು. ಅಲ್ಲಿ 1833ರ ಮೇ ತಿಂಗಳಿನಲ್ಲಿ ತೀವ್ರ ಜ್ವರ ಹಿಡಿದು ಸಾವಿನಂಚಿಗೆ ಹೋದನು. ಆರೈಕೆಗೆ ಇದ್ದವನು ಜೆನ್ನಾರೊ ಎಂಬ ನೇಪಲ್ಸಿನ ಸೇವಕನೊಬ್ಬನೇ. ಆ ಜ್ವರದ ನಡುವೆ ನ್ಯೂಮನ್‌ಗೆ ತನ್ನ ಪ್ರವಚನ ನೆನಪಾಯಿತು. ಸ್ವೇಚ್ಛೆಯ ವಿರುದ್ಧ ಉಪದೇಶಿಸಿದವನು ಸ್ವೇಚ್ಛೆಯಿಂದಲೇ ಸಿಸಿಲಿಗೆ ಬಂದಿದ್ದನು. ತನ್ನ ಮೇಲಿನ ತೀರ್ಪನ್ನು ತಾನೇ ಮೊದಲು ಓದಿದಂತಾಗಿತ್ತು. ಮುಂದೆ ಅವನು ಬರೆದಿಟ್ಟ ಕಾಯಿಲೆಯ ನೆನಪುಗಳಲ್ಲಿ ಈ ಸಂಗತಿ ದಾಖಲಾಗಿದೆ.

ಚೇತರಿಸಿಕೊಂಡ ಮೇಲೆ ಪಲೆರ್ಮೊದಲ್ಲಿ ಹಡಗಿಗಾಗಿ ವಾರಗಟ್ಟಲೆ ಕಾಯಬೇಕಾಯಿತು. ಕೊನೆಗೆ ಸಿಕ್ಕಿದ್ದು ಮಾರ್ಸೇಲ್ಸಿಗೆ ಕಿತ್ತಳೆ ಹಣ್ಣು ಸಾಗಿಸುವ ದೋಣಿ. ಅದೂ ಬೊನಿಫಾಸಿಯೊ ಜಲಸಂಧಿಯಲ್ಲಿ ಗಾಳಿಯಿಲ್ಲದೆ ಒಂದು ವಾರ ನಿಂತುಬಿಟ್ಟಿತು. 1833ರ ಜೂನ್ 16ರಂದು ಈ ಪದ್ಯ ಬರೆದಾಗ ನ್ಯೂಮನ್ ಇದ್ದದ್ದು ಅಲ್ಲಿ. ಊರು ಸೇರುವ ತವಕ ವಿಪರೀತವಾಗಿದೆ. ಇಂಗ್ಲೆಂಡಿನಲ್ಲಿ ತನಗಾಗಿ ಒಂದು ಕೆಲಸ ಕಾದಿದೆಯೆಂಬ ನಂಬಿಕೆ ಬಲವಾಗಿದೆ. ಆದರೆ ದೋಣಿ ಅಲುಗುತ್ತಿಲ್ಲ. ಒಂದು ಹೆಜ್ಜೆಯಷ್ಟು ಕಂಡರೆ ಸಾಕು, ದೂರದ ನೋಟ ಬೇಡ ಎಂಬ ಮೊದಲ ಚರಣದ ಮಾತನ್ನು ಈ ಸ್ಥಿತಿಯಿಂದ ಬೇರ್ಪಡಿಸಿ ಓದಿದರೆ ಅದೊಂದು ಸಾಧಾರಣ ಸುಭಾಷಿತದಂತೆ ಕೇಳಿಸುತ್ತದೆ. ಬಲವಂತದ ನಿಲುಗಡೆಯಲ್ಲಿ ಹುಟ್ಟಿದ ಮಾತೆಂದು ತಿಳಿದಾಗ ಅದರ ಭಾರ ಅರಿವಾಗುತ್ತದೆ. ಅವನು ಊರು ಮುಟ್ಟಿದ ಕೆಲವೇ ದಿನಗಳಲ್ಲಿ, ಜುಲೈ 14ರಂದು, ಕೀಬಲ್‌ನ ಪ್ರವಚನದೊಡನೆ ಆಕ್ಸ್‌ಫರ್ಡ್ ಚಳವಳಿ ಆರಂಭವಾಯಿತು. 1845ರಲ್ಲಿ ನ್ಯೂಮನ್ ಕಥೋಲಿಕ ಸಭೆಯನ್ನು ಸೇರಿದನು. 1879ರಲ್ಲಿ ಕಾರ್ಡಿನಲ್ ಆದನು. 2019ರಲ್ಲಿ ಸಂತನೆಂದು ಘೋಷಿತನಾದನು. ಪದ್ಯ ಬರೆದಾಗ ಇದಾವುದೂ ಅವನಿಗೆ ಕಾಣದ ದೂರದ ನೋಟವೇ.

ಕ್ರೈಸ್ತ ಚಿಂತನೆಯಲ್ಲಿ ಗರ್ವಕ್ಕೆ ಇರುವ ಸ್ಥಾನ ಉಳಿದ ದೋಷಗಳಿಗಿಲ್ಲ. ನಮ್ಮ ಅರಿಷಡ್ವರ್ಗದಲ್ಲಿ ಮದವು ಆರರಲ್ಲಿ ಒಂದು. ಸಂತ ಅಗಸ್ಟೀನನ ವಿಚಾರದಲ್ಲಿ ಗರ್ವವೇ ಪಾಪದ ಮೊದಲು: ಜೀವವು ತನ್ನ ಮೂಲವಾದ ದೇವರನ್ನು ಬಿಟ್ಟು ತನಗೆ ತಾನೇ ಮೂಲವಾಗಲು ಹೊರಡುವುದು. ಇದು ಬುದ್ಧಿಯ ತಪ್ಪಲ್ಲ, ಸಂಕಲ್ಪದ ತಿರುವು. ಆದ್ದರಿಂದ ದೈನ್ಯವೆಂದರೆ ತಿರುಗಿದ ಸಂಕಲ್ಪವನ್ನು ಮತ್ತೆ ಒಪ್ಪಿಸುವುದು, ತನ್ನನ್ನು ಹಳಿದುಕೊಳ್ಳುವುದಲ್ಲ. ಸಂತ ಬೆನೆಡಿಕ್ಟನ ಮಠನಿಯಮದ ಏಳನೆಯ ಅಧ್ಯಾಯ ಇದನ್ನು ಹನ್ನೆರಡು ಮೆಟ್ಟಿಲುಗಳ ಏಣಿಯಾಗಿ ನಿರೂಪಿಸುತ್ತದೆ. ಆ ಏಣಿಯಲ್ಲಿ ಇಳಿಯುವುದೇ ಏರುವುದು. ಇದಕ್ಕೆಲ್ಲ ಆಧಾರವಾದ ಮಾದರಿ ಪೌಲನು ಫಿಲಿಪ್ಪಿಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿದೆ. ಅಲ್ಲಿ ಕ್ರಿಸ್ತನು ದೇವಸ್ವರೂಪವನ್ನು ಬಿಟ್ಟುಕೊಟ್ಟು ತನ್ನನ್ನು ಬರಿದಾಗಿಸಿಕೊಂಡು ದಾಸನ ರೂಪವನ್ನು ಧರಿಸುತ್ತಾನೆ. ಕನ್ನಡ ಬೈಬಲ್ ಈ ಸಂದರ್ಭಕ್ಕೆ ‘ದಾಸ’ ಶಬ್ದವನ್ನೇ ಬಳಸಿದೆ. ಪುರಂದರ ಕನಕರ ನಾಡಿನಲ್ಲಿ ಆ ಶಬ್ದಕ್ಕೆ ಗುಲಾಮ ಎಂಬ ಅರ್ಥಕ್ಕಿಂತ ಭಕ್ತ ಎಂಬ ಅರ್ಥವೇ ಮೊದಲು ಹೊಳೆಯುತ್ತದೆ. ಇದರಿಂದ ಗ್ರೀಕ್ ಮೂಲದ ಕಟುತ್ವ ಸ್ವಲ್ಪ ಕಡಿಮೆಯಾಯಿತೆನ್ನಬಹುದು. ಆದರೆ ಕನ್ನಡ ಓದುಗನಿಗೆ ಒಂದು ಬಾಗಿಲೂ ತೆರೆಯಿತು.

ದೈನ್ಯ ಎಂಬ ಶಬ್ದದ ಇತಿಹಾಸವೂ ಗಮನಾರ್ಹ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ಈ ಗುಣವನ್ನು ಹೇಳುವ ಶಬ್ದದ ಮೂಲ ಧಾತು ಪ್ರಾಚೀನ ಗ್ರೀಕರಿಗೆ ಹೀನ, ತಗ್ಗು, ಕೀಳು ಎಂಬುದನ್ನು ಸೂಚಿಸುತ್ತಿತ್ತು. ಕ್ರೈಸ್ತ ಬರಹಗಳು ಅದನ್ನು ಸದ್ಗುಣವಾಗಿ ಎತ್ತಿದವು. ಲ್ಯಾಟಿನ್ ಶಬ್ದದ ಬೇರು ನೆಲ ಎಂಬ ಅರ್ಥದ್ದು. ಕನ್ನಡ ಅನುವಾದಕರು ಆರಿಸಿಕೊಂಡ ‘ದೀನ’ ಎಂಬುದೂ ಬಡವ, ದಿಕ್ಕಿಲ್ಲದವ ಎಂಬ ಸ್ಥಿತಿವಾಚಕವೇ ಹೊರತು ಗುಣವಾಚಕವಲ್ಲ. ‘ವಿನಯ’ ಎಂಬ ಶಬ್ದ ಸಿದ್ಧವಾಗಿತ್ತು. ಆದರೆ ಅದು ವಿದ್ಯೆಯಿಂದ ಬರುವ ಶಿಕ್ಷಣದ ಫಲ, ಸಭ್ಯನ ಆಭರಣ. ವಿನಯವುಳ್ಳವನು ಒಳಗೆ ಗರ್ವಿಯಾಗಿರಲು ಅಡ್ಡಿಯಿಲ್ಲ. ‘ದೀನ’ ಎಂಬಲ್ಲಿ ಆ ಆಸರೆ ಇಲ್ಲ. ಹಾಗೆಯೇ ಎದುರು ಪಕ್ಷದಲ್ಲಿ ‘ಅಹಂಕಾರ’ ಎಂದರೆ ಸಾಂಖ್ಯರ ತತ್ತ್ವಗಳಲ್ಲಿ ಒಂದು. ಅದು ನೈತಿಕ ದೋಷವಾಗುವ ಮೊದಲೇ ಸೃಷ್ಟಿಕ್ರಮದ ಒಂದು ಘಟ್ಟ. ಯಾರು ಮೋಕ್ಷಕ್ಕೆ ಹೋಗಬಲ್ಲರು ಎಂದು ವ್ಯಾಸರಾಯರ ಸಭೆಯಲ್ಲಿ ಕೇಳಿದಾಗ ಕನಕದಾಸರು ‘ನಾನು’ ಹೋದರೆ ಎಂಬ ಶ್ಲೇಷೆಯಲ್ಲಿ ಉತ್ತರಿಸಿದರೆಂಬ ಐತಿಹ್ಯ ಪ್ರಸಿದ್ಧವಾಗಿದೆ. ಅಲ್ಲಿ ‘ನಾನು’ ಎಂಬುದೇ ತೊಲಗಬೇಕು. ಕ್ರೈಸ್ತ ಪ್ರಾರ್ಥನೆಯಲ್ಲಿ ‘ನಾನು’ ತೊಲಗುವುದಿಲ್ಲ. ಅದು ದಾರಿ ತಪ್ಪಿದ್ದು, ಕರೆದೊಯ್ಯಲ್ಪಡಬೇಕಾದದ್ದು. ನಡೆಸು ಎಂದು ಬೇಡಬೇಕಾದರೆ ನಡೆಯುವವನೊಬ್ಬ ಉಳಿಯಲೇಬೇಕಲ್ಲ.

ಇಷ್ಟು ಹಿನ್ನೆಲೆಯೊಡನೆ ಬಿ.ಎಂ.ಶ್ರೀ. ಅವರ ಕನ್ನಡಕ್ಕೆ ಬರಬಹುದು. 1920ರ ದಶಕದಲ್ಲಿ ಪುಸ್ತಕರೂಪಕ್ಕೆ ಬಂದ ‘ಇಂಗ್ಲಿಷ್ ಗೀತಗಳು’ ನವೋದಯ ಕಾವ್ಯದ ಛಂದಸ್ಸಿಗೆ ಕೊಟ್ಟ ಕೊಡುಗೆಯನ್ನು ವಿದ್ವಾಂಸರು ಸಾಕಷ್ಟು ಚರ್ಚಿಸಿದ್ದಾರೆ. ಪ್ರಸ್ತುತ ಪದ್ಯದಲ್ಲಿ ಅವರು ಹಿಡಿದಿರುವುದು ಐದು ಮಾತ್ರೆಯ ಗಣಗಳ ನಡೆ. ನ್ಯೂಮನ್‌ನಲ್ಲಿ ಹತ್ತು ಅಕ್ಷರಾಂಶಗಳ ಉದ್ದ ಸಾಲಿನ ಹಿಂದೆ ನಾಲ್ಕರ ಗಿಡ್ಡ ಸಾಲು ಬಂದು ನಿಲ್ಲುತ್ತದೆ; ಉಸಿರು ಹಿಡಿದು ಬಿಟ್ಟಂತೆ. ನಡೆಸು ಎಂಬ ಬೇಡಿಕೆ ಆ ಗಿಡ್ಡ ಸಾಲಿನಲ್ಲಿ ಪಲ್ಲವಿಯಂತೆ ಐದು ಬಾರಿ ಬರುತ್ತದೆ: ಮೊದಲ ಚರಣದಲ್ಲಿ ಎರಡು, ಎರಡನೆಯದರಲ್ಲಿ ಎರಡು, ಮೂರನೆಯದರಲ್ಲಿ ಒಂದು. ಕನ್ನಡದಲ್ಲಿಯೂ ಲೆಕ್ಕ ತಪ್ಪಿಲ್ಲ. ಅದೇ ಐದು ಸ್ಥಾನಗಳು. ಆದರೆ ಆ ಐದು ಕಡೆಯೂ ಮೂಲದಲ್ಲಿಲ್ಲದ ಒಂದು ಸಂಗತಿ ಸೇರಿಕೊಂಡಿದೆ. ಅದು ಕೈ. ನ್ಯೂಮನ್‌ನ ಬೆಳಕು ಮುಂದೆ ನಡೆಯುತ್ತದೆ, ನೋಡುವವನು ಹಿಂಬಾಲಿಸುತ್ತಾನೆ. ವಿಮೋಚನಕಾಂಡದಲ್ಲಿ ಇಸ್ರಾಯೇಲರ ಮುಂದೆ ನಡೆದ ಮೇಘಸ್ತಂಭ ಅವನ ಮನಸ್ಸಿನಲ್ಲಿದ್ದಿತೆಂಬುದಕ್ಕೆ ಪದ್ಯಕ್ಕೆ ಅವನಿತ್ತ ‘ಮೇಘಸ್ತಂಭ’ ಎಂಬರ್ಥದ ಶೀರ್ಷಿಕೆಯೇ ಸಾಕ್ಷಿ. ಬಿ.ಎಂ.ಶ್ರೀ.ಯವರ ಬೆಳಕು ಕೈ ಹಿಡಿಯುತ್ತದೆ. ಬೆಳಕಿಗೆ ಕೈ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಕೈಹಿಡಿ, ಕೈಬಿಡು ಎಂಬ ನುಡಿಗಟ್ಟುಗಳು ಕನ್ನಡದಲ್ಲಿ ಆಶ್ರಯದ ಇಡೀ ವ್ಯಾಕರಣವನ್ನು ಹೊತ್ತಿವೆ.

ಇನ್ನೊಂದು ಬದಲಾವಣೆ ಮೊದಲ ಸಾಲಿನಲ್ಲಿಯೇ ಇದೆ. ಮೂಲದ ಮೊದಲ ಕ್ರಿಯಾಪದ ‘ನಡೆಸು’. ಕನ್ನಡದ ಮೊದಲ ಕ್ರಿಯಾಪದ ‘ಬಾ’. ನ್ಯೂಮನ್‌ಗೆ ಬೆಳಕು ಅಲ್ಲಿಯೇ ಇದೆ. ಬೇಕಾದದ್ದು ಅದು ಮುನ್ನಡೆಯುವುದು. ಕನ್ನಡದ ಕವಿ ಮೊದಲು ಅದನ್ನು ಬರಮಾಡಿಕೊಳ್ಳುತ್ತಾರೆ. ದೇವರನ್ನು ಬಾ ಎಂದು ಕರೆಯುವುದು ದಾಸರ ಪದಗಳಿಂದ ಜಾನಪದ ಹಾಡುಗಳವರೆಗೆ ನಮ್ಮಲ್ಲಿ ಎಷ್ಟು ರೂಢವಾಗಿದೆಯೆಂದರೆ ಈ ‘ಬಾ’ ಅನುವಾದಕರ ಬಾಯಿಂದ ತಾನಾಗಿ ಬಂದಿರಬಹುದು. ಆದರೂ ಪರಿಣಾಮ ದೊಡ್ಡದು. ಕ್ರಿಸ್ತನ ಹೆಸರಾಗಲಿ ಶಿಲುಬೆಯಾಗಲಿ ಮೂಲದಲ್ಲಿಯೂ ಇಲ್ಲ. ‘ಬಾ’ ಎಂಬ ಒಂದಕ್ಷರ ಆ ಹೆಸರಿಲ್ಲದ ಬೆಳಕನ್ನು ಕನ್ನಡದ ಭಕ್ತಿಪರಂಪರೆಯೊಳಗೆ ಕೂರಿಸಿಬಿಟ್ಟಿತು.

ಈ ಲೇಖನದ ದೃಷ್ಟಿಯಿಂದ ನಿರ್ಣಾಯಕವಾದದ್ದು ಎರಡನೆಯ ಚರಣ. ಮೊದಲ ಚರಣದಲ್ಲಿ ಕತ್ತಲೆಯಲ್ಲಿದ್ದವನು ಬೇಡುತ್ತಾನೆ. ಎರಡನೆಯದರಲ್ಲಿ ಅವನು ಒಪ್ಪಿಕೊಳ್ಳುತ್ತಾನೆ: ಮೊದಲು ತಾನು ಹೀಗಿರಲಿಲ್ಲ, ಬೇಡಿದವನಲ್ಲ, ದಾರಿಯನ್ನು ತಾನೇ ಆರಿಸಿಕೊಳ್ಳುವುದು ತನಗೆ ಇಷ್ಟವಾಗಿತ್ತು, ಥಳಕಿನ ಹಗಲನ್ನು ಪ್ರೀತಿಸಿದ್ದೆ, ಅಂಜಿಕೆಗಳಿದ್ದರೂ ಗರ್ವವು ತನ್ನ ಸಂಕಲ್ಪವನ್ನು ಆಳುತ್ತಿತ್ತು, ಕಳೆದ ವರ್ಷಗಳನ್ನು ನೆನೆಯಬೇಡ. ಈ ಕೊನೆಯ ಬೇಡಿಕೆ ಇಪ್ಪತ್ತೈದನೆಯ ಕೀರ್ತನೆಯಲ್ಲಿ ತಾರುಣ್ಯದ ಪಾಪಗಳನ್ನು ಮರೆಯಬೇಕೆಂದು ಕೇಳುವ ಬೇಡಿಕೆಯ ಪ್ರತಿಧ್ವನಿ. ಗರ್ವವನ್ನು ನ್ಯೂಮನ್ ಆಳುವ ದೊರೆಯಾಗಿ ಚಿತ್ರಿಸಿದ್ದಾನೆ. ಸಂಕಲ್ಪ ಅದರ ಪ್ರಜೆ. ಅಗಸ್ಟೀನನಿಂದ ಬಂದ ವಿಚಾರ ಇಲ್ಲಿ ಕೆಲವೇ ಶಬ್ದಗಳಲ್ಲಿ ಅಡಗಿದೆ.

ಬಿ.ಎಂ.ಶ್ರೀ.ಯವರು ಇದನ್ನು ಒಂದು ಕ್ರಿಯಾಪದಕ್ಕೆ ಇಳಿಸಿದರು: ‘ಕೊಬ್ಬು’. ಗರ್ವ, ದರ್ಪ, ಮದ, ಅಹಂಕಾರ ಎಂದು ಬೇಕಾದಷ್ಟು ಸಂಸ್ಕೃತ ಶಬ್ದಗಳು ಕೈಗೆಟಕುತ್ತಿದ್ದಾಗ ಪ್ರಾರ್ಥನೆಯೊಂದರ ನಡುವೆ ಈ ಒರಟು ದೇಸಿ ಶಬ್ದವನ್ನು ತಂದಿಟ್ಟ ಧೈರ್ಯವನ್ನು ವಿಮರ್ಶೆ ಸಾಕಷ್ಟು ಗಮನಿಸಿದಂತಿಲ್ಲ. ಹಳಗನ್ನಡದ ಕೊರ್ವು, ಕೊರ್ಬು ರೂಪಗಳಿಂದ ಬಂದ ಈ ಧಾತುವಿಗೆ ದಪ್ಪವಾಗು, ಸೊಂಪಾಗಿ ಬೆಳೆ, ಸೊಕ್ಕು ಎಂಬ ಅರ್ಥಗಳು ಒಂದರೊಳಗೊಂದು ಬೆರೆತಿವೆ. ತಿಂದು ಕೊಬ್ಬಿದ ಹೋರಿ, ನೀರು ಗೊಬ್ಬರ ಹೆಚ್ಚಾಗಿ ಕೊಬ್ಬಿದ ಪೈರು, ಮಾತು ಕೇಳದೆ ಕೊಬ್ಬಿದ ಹುಡುಗ: ಎಲ್ಲಕ್ಕೂ ಒಂದೇ ಮಾತು. ಇದರಲ್ಲಿ ಒಂದು ಸೂಕ್ಷ್ಮವಿದೆ. ಕೊಬ್ಬಲು ಯಾರೋ ತಿನ್ನಿಸಿರಬೇಕು. ಪೋಷಣೆ ಪಡೆದೇ ಪೋಷಕನನ್ನು ಮರೆತದ್ದು ಈ ಗರ್ವದ ಸ್ವರೂಪ. ಆಶ್ಚರ್ಯವೆಂದರೆ ಹೀಬ್ರೂ ಬೈಬಲಿನ ಕಲ್ಪನೆಯೂ ಇದೇ. ಧರ್ಮೋಪದೇಶಕಾಂಡದ 32ನೆಯ ಅಧ್ಯಾಯದ ಮೋಶೆಯ ಹಾಡಿನಲ್ಲಿ ಇಸ್ರಾಯೇಲು ಮೇದು ಕೊಬ್ಬಿ ಒದೆಯುವ ಪಶು. 73ನೆಯ ಕೀರ್ತನೆಯ ಗರ್ವಿಗಳ ಕಣ್ಣುಗಳು ಕೊಬ್ಬಿನಿಂದ ಉಬ್ಬಿವೆ. ಇಂಗ್ಲಿಷ್ ಮೂಲದಲ್ಲಿ ಅಮೂರ್ತವಾಗಿದ್ದ ಗರ್ವ ಕನ್ನಡಕ್ಕೆ ಬಂದು ಬೈಬಲಿನ ಹಳೆಯ ಹೊಲಗದ್ದೆಗಳಿಗೇ ಮರಳಿತು. ಅನುವಾದಕರು ಇದನ್ನು ಉದ್ದೇಶಿಸಿದ್ದರೆಂದು ಹೇಳಲು ಆಧಾರವಿಲ್ಲ. ಭಾಷೆ ತನ್ನ ಕೆಲಸವನ್ನು ತಾನೇ ಮಾಡಿದೆ.

ಹೋಲಿಕೆಗಾಗಿ ಗುಜರಾತಿಯನ್ನು ನೋಡಬಹುದು. ಗಾಂಧೀಜಿಯವರಿಗೆ ಈ ಪ್ರಾರ್ಥನೆ ಅತ್ಯಂತ ಪ್ರಿಯವಾಗಿತ್ತು. ನರಸಿಂಹರಾವ್ ದಿವೇಟಿಯಾ ಅವರ ಗುಜರಾತಿ ರೂಪ ‘ಪ್ರೇಮಳ ಜ್ಯೋತಿ’ ಆಶ್ರಮದ ಭಜನೆಗಳಲ್ಲಿ ಸೇರಿತು. ಅಲ್ಲಿ ಈ ಸ್ಥಾನದಲ್ಲಿ ಬರುವ ಶಬ್ದ ‘ಗರ್ವ’. ಗರ್ವದಲ್ಲಿದ್ದೆ ಎಂಬುದು ಒಂದು ಸ್ಥಿತಿಯ ವರ್ಣನೆ. ನ್ಯೂಮನ್‌ನಲ್ಲಿ ಗರ್ವ ಕರ್ತೃ, ಸಂಕಲ್ಪ ಕರ್ಮ. ‘ನಾನು’ ಸ್ವಲ್ಪ ಹಿಂದೆ ಸರಿದು ನಿಂತಿದ್ದಾನೆ. ಕನ್ನಡದಲ್ಲಿ ಕೊಬ್ಬಿದವನು ನಾನೇ; ಉತ್ತಮಪುರುಷ ಏಕವಚನದ ಪ್ರತ್ಯಯ ತಪ್ಪಿಸಿಕೊಳ್ಳಲು ಸಂದಿ ಬಿಟ್ಟಿಲ್ಲ. ದಾರಿಯನ್ನು ಆರಿಸಿಕೊಂಡ ಮಾತಿನಲ್ಲಿಯೂ ಅವಧಾರಣೆಯ ಎಕಾರ ಸೇರಿಕೊಂಡು ಆ ‘ನಾನು’ ಇನ್ನಷ್ಟು ಸೆಟೆದಿದೆ. ಅದರ ಜೊತೆಗೆ ‘ಮೆರೆ’ ಎಂಬ ಧಾತು ಬೇರೆ. ಹೊಳೆಯುವುದೂ ಮೆರೆಯುವುದೇ, ಮೆರವಣಿಗೆ ಹೋಗುವುದೂ ಮೆರೆಯುವುದೇ. ಥಳಕಿನ ಹಗಲಿಗೂ ಗರ್ವಕ್ಕೂ ನ್ಯೂಮನ್ ಕಲ್ಪಿಸಿದ ಸಂಬಂಧ ಕನ್ನಡದಲ್ಲಿ ಒಂದೇ ಧಾತುವಿನಲ್ಲಿ ಕೂಡಿಬಂದಿದೆ.

ಲಾಭದೊಡನೆ ನಷ್ಟವನ್ನೂ ಹೇಳಬೇಕು. ನ್ಯೂಮನ್‌ನ ಗರ್ವಿ ಅಂಜುತ್ತಲೇ ಗರ್ವಿಸುತ್ತಾನೆ. ಒಳಗೆ ಭಯವಿದೆ, ಎಚ್ಚರಿಕೆಯ ದನಿ ಕೇಳುತ್ತಿದೆ, ಆದರೂ ಸಂಕಲ್ಪ ಬಾಗುತ್ತಿಲ್ಲ. ಮುಂದೆ ಅವನ ಬರಹಗಳಲ್ಲಿ ಪ್ರಮುಖವಾಗುವ ಅಂತಸ್ಸಾಕ್ಷಿಯ ವಿಚಾರದ ಬೀಜ ಇಲ್ಲಿದೆ ಎನ್ನಬಹುದು. ಕನ್ನಡದಲ್ಲಿ ಗರ್ವಿಯು ಭಯವನ್ನು ಮರೆತಿದ್ದಾನೆ. ಭಯವನ್ನು ಮೆಟ್ಟಿದ ಗರ್ವ ಬೇರೆ, ಭಯವನ್ನು ಮರೆತ ಗರ್ವ ಬೇರೆ. ಮೊದಲನೆಯದು ಬಲ್ಲವನ ಪಾಪ, ಎರಡನೆಯದು ಮೈಮರೆತವನ ತಪ್ಪು. ಸಂಕಲ್ಪ ಎಂಬ ಶಬ್ದವೂ ಕೈಬಿಟ್ಟುಹೋಗಿದೆ. ಕ್ರೈಸ್ತ ನೀತಿಶಾಸ್ತ್ರದಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ. ದ್ರಾವಿಡ ಮೂಲದ ಶಬ್ದಗಳಲ್ಲಿ ಸಂಕಲ್ಪಶಕ್ತಿಗೆ ಒಪ್ಪುವ ಒಂದು ಹೆಸರು ಸುಲಭವಾಗಿ ಸಿಕ್ಕುವುದಿಲ್ಲವೆಂಬುದು ನಿಜ. ಆದರೆ ಛಂದಸ್ಸಿನ ಇಕ್ಕಟ್ಟಿಗಿಂತ ಮಿಗಿಲಾಗಿ ಇಲ್ಲಿ ಮನೋಧರ್ಮದ ವ್ಯತ್ಯಾಸ ಕೆಲಸ ಮಾಡಿದೆ. ಭಕ್ತಿಕಾವ್ಯಕ್ಕೆ ಜೀವನ ದೋಷ ಬಹುತೇಕ ಮರೆವು. ನ್ಯೂಮನ್‌ಗೆ ಅದು ತಿಳಿದೂ ಮಾಡಿದ ಆಯ್ಕೆ.

ಮೂರನೆಯ ಚರಣದಲ್ಲಿ ಈ ಭಿನ್ನತೆ ವ್ಯಾಕರಣದಲ್ಲಿಯೇ ಕಾಣುತ್ತದೆ. ಇದುವರೆಗೆ ಹರಸಿದ ನಿನ್ನ ಶಕ್ತಿ ಮುಂದೆಯೂ ಖಂಡಿತ ನಡೆಸುತ್ತದೆ ಎಂದು ನ್ಯೂಮನ್ ನಿಶ್ಚಯವಾಗಿ ಹೇಳುತ್ತಾನೆ. ಅದು ವಿಧ್ಯರ್ಥಕ್ಕೂ ಮೀರಿದ ಭರವಸೆ. ಬಿ.ಎಂ.ಶ್ರೀ. ಅದನ್ನು ಪ್ರಶ್ನೆಯಾಗಿಸಿದರು: ಮುಂದೆ ನಡೆಸದೆ ಇರುವೆಯಾ, ಇರುಳನ್ನು ನೂಕದೆ ಇರುವೆಯಾ? ಜೊತೆಗೆ ಮೂಲದಲ್ಲಿ ಎಲ್ಲಿಯೂ ಇಲ್ಲದ ‘ಮೂರ್ಖ’ ಎಂಬ ಶಬ್ದವನ್ನು ಬೇಡುವವನು ತನಗೆ ತಾನೇ ಹಚ್ಚಿಕೊಳ್ಳುತ್ತಾನೆ. ತನ್ನನ್ನು ಮಂಕು, ಮೂಢ, ಮಂದಮತಿ ಎಂದು ಕರೆದುಕೊಳ್ಳುವುದು ನಮ್ಮ ಕವಿಗಳಿಗೆ ಹೊಸತಲ್ಲ, ಡಿ.ವಿ.ಜಿ.ಯವರು 1943ರಲ್ಲಿ ಇಡೀ ಕಾವ್ಯವನ್ನೇ ‘ಮಂಕುತಿಮ್ಮ’ನ ಹೆಸರಿನಲ್ಲಿ ಪ್ರಕಟಿಸಿದರು. ಕ್ರೈಸ್ತ ದೈನ್ಯವು ತನ್ನ ಬಗ್ಗೆ ಖಚಿತತೆಯನ್ನು ಬಿಟ್ಟು ದೇವರ ಬಗ್ಗೆ ಖಚಿತತೆಯನ್ನು ಉಳಿಸಿಕೊಳ್ಳುತ್ತದೆ. ಕನ್ನಡದ ದೈನ್ಯ ಇಲ್ಲಿ ಎರಡರಲ್ಲಿಯೂ ದನಿ ತಗ್ಗಿಸಿದೆ. ಆದರೆ ‘ಇರುವೆಯಾ’ ಎಂಬ ಪ್ರಶ್ನೆಯನ್ನು ಸಂದೇಹವೆಂದು ಓದುವುದೂ ಸರಿಯಲ್ಲ. ಕೊಡದೆ ಹೋಗುತ್ತೀಯಾ ಎಂದು ಮನೆಯವರನ್ನು ಕೇಳುವಲ್ಲಿ ಸಲಿಗೆಯಿದೆ. ಉತ್ತರ ಗೊತ್ತಿದ್ದೇ ಕೇಳುವ ಪ್ರಶ್ನೆ ಅದು. ಮೂಲದ ನಿಶ್ಚಯವನ್ನು ಕನ್ನಡ ಸಲಿಗೆಯಾಗಿ ಬದಲಿಸಿತೆಂದರೆ ನ್ಯಾಯವಾದೀತು.

ಬಿ.ಎಂ.ಶ್ರೀ.ಯವರ ಉಳಿದ ಬರಹಗಳನ್ನು ಪಕ್ಕದಲ್ಲಿಟ್ಟಾಗ ಗರ್ವದ ಪ್ರಶ್ನೆ ಅವರನ್ನು ಆಕಸ್ಮಿಕವಾಗಿ ಹಿಡಿದದ್ದಲ್ಲವೆಂದು ತೋರುತ್ತದೆ. ರನ್ನನಿಂದ ‘ಗದಾಯುದ್ಧ ನಾಟಕಂ’, ಸೊಫೊಕ್ಲಿಸನ ‘ಏಜಾಕ್ಸ್’ ನಾಟಕದಿಂದ ‘ಅಶ್ವತ್ಥಾಮನ್’, ಈಸ್ಕಿಲಸನಿಂದ ‘ಪಾರಸಿಕರು’: ಈ ಮೂರು ರುದ್ರನಾಟಕಗಳ ಕೇಂದ್ರವೂ ಬಾಗದ ಗರ್ವ. ದೇವತೆಗಳ ನೆರವಿದ್ದರೆ ಯಾವ ಕೈಲಾಗದವನೂ ಗೆಲ್ಲುತ್ತಾನೆ, ತಾನು ಆ ನೆರವಿಲ್ಲದೆ ಗೆಲ್ಲುತ್ತೇನೆ ಎಂದು ಏಜಾಕ್ಸ್ ಯುದ್ಧಕ್ಕೆ ಹೊರಡುವಾಗ ತಂದೆಗೆ ಹೇಳಿದ್ದನು. ಸಮುದ್ರಕ್ಕೆ ದೋಣಿಗಳ ಸೇತುವೆ ಬಿಗಿದ ಕ್ಸೆರ್ಕ್ಸೀಸನ ಮದವನ್ನು ಅವನ ತಂದೆಯ ಪ್ರೇತವೇ ಬಂದು ಖಂಡಿಸುತ್ತದೆ. ಗ್ರೀಕ್ ನಾಟಕದಲ್ಲಿ ಇಂತಹ ಗರ್ವಕ್ಕೆ ಸಿಗುವುದು ಶಿಕ್ಷೆ, ಗರ್ವಿ ಮುರಿಯುತ್ತಾನೆ. ಕನ್ನಡ ಪರಂಪರೆ ಇನ್ನೂ ಒಂದು ಹೆಜ್ಜೆ ಹೋಗಿ ಅದಕ್ಕೆ ‘ಛಲ’ ಎಂಬ ಗೌರವದ ಹೆಸರನ್ನೇ ಕೊಟ್ಟಿದೆ. ಪಂಪ ರನ್ನರಿಬ್ಬರೂ ದುರ್ಯೋಧನನ ಛಲವನ್ನು ಮೆಚ್ಚಿದ್ದಾರೆ. ನ್ಯೂಮನ್‌ನ ಪದ್ಯ ಮೂರನೆಯ ದಾರಿಯನ್ನು ತೋರುತ್ತದೆ. ಇಲ್ಲಿ ಗರ್ವಿಯು ಮುರಿಯುವುದೂ ಇಲ್ಲ, ಮೆರೆಯುತ್ತಲೇ ಸಾಯುವುದೂ ಇಲ್ಲ; ಬದುಕಿ ಉಳಿದು ಒಂದೊಂದೇ ಹೆಜ್ಜೆ ಇಡಲು ಕಲಿಯುತ್ತಾನೆ. ರುದ್ರನಾಟಕಕ್ಕೆ ವಸ್ತುವಾಗದ ಈ ಸಾಧಾರಣ ನಡಿಗೆಯನ್ನು ಬಿ.ಎಂ.ಶ್ರೀ. ಕನ್ನಡಕ್ಕೆ ತಂದದ್ದು ಈ ಪದ್ಯದ ಮೂಲಕ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಲೇಬೇಕು. 1911ರಲ್ಲಿ ಧಾರವಾಡದಲ್ಲಿ ‘ಕನ್ನಡ ಮಾತು ತಲೆಯೆತ್ತುವ ಬಗೆ’ ಎಂಬ 유ಪನ್ಯಾಸ ಮಾಡಿದವರೂ ಇದೇ ಬಿ.ಎಂ.ಶ್ರೀ. ವಸಾಹತಿನ ಪ್ರಜೆಗಳು ತಲೆ ಎತ್ತಬೇಕಾದ ಹೊತ್ತಿನಲ್ಲಿ ಆಳುವವರ ಭಾಷೆಯಿಂದ ತಲೆ ಬಾಗಿಸುವ ಪ್ರಾರ್ಥನೆಯನ್ನು ತರುವುದು ಎಂತಹ ಕೆಲಸ? ಇದೇ ಪ್ರಶ್ನೆ ಕರ್ನಾಟಕದ ಕ್ರೈಸ್ತ ಸಮುದಾಯದ ಒಳಗಿನಿಂದ ಇನ್ನೂ ತೀಕ್ಷ್ಣವಾಗಿ ಬರುತ್ತದೆ. ಆ ಸಮುದಾಯದ ಗಣನೀಯ ಭಾಗ ಜಾತಿವ್ಯವಸ್ಥೆ ಕೆಳಗಿಟ್ಟಿದ್ದ ಜನರಿಂದ ರೂಪುಗೊಂಡದ್ದು. ತಲೆಮಾರುಗಳಿಂದ ದೀನ ಸ್ಥಿತಿಯಲ್ಲಿಯೇ ಇರಿಸಲ್ಪಟ್ಟವರಿಗೆ ದೀನತೆಯನ್ನು ಸದ್ಗುಣವೆಂದು ಬೋಧಿಸುವುದು ಕ್ರೌರ್ಯವಾಗಬಹುದು. ಈ ಆಕ್ಷೇಪದಲ್ಲಿ ಹುರುಳಿದೆ. ಆದರೆ ಪದ್ಯವನ್ನು ಎಚ್ಚರದಿಂದ ಓದಿದರೆ ಅಲ್ಲಿ ತಗ್ಗುತ್ತಿರುವವನು ಆಕ್ಸ್‌ಫರ್ಡಿನ ವಿದ್ವಾಂಸ. ಕನ್ನಡದಲ್ಲಿ ಕೊಬ್ಬಿದೆನೆಂದು ಒಪ್ಪಿಕೊಳ್ಳುವ ದನಿ ಮಹಾರಾಜ ಕಾಲೇಜಿನ ಇಂಗ್ಲಿಷ್ ಅಧ್ಯಾಪಕರದು. ದಾರಿಯನ್ನು ತಾನೇ ಆರಿಸಿಕೊಳ್ಳುವ ಅವಕಾಶವಿದ್ದವನಷ್ಟೇ ಈ ತಪ್ಪೊಪ್ಪಿಗೆ ಮಾಡಲು ಸಾಧ್ಯ. ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲಿ ಮರಿಯಳ ಹಾಡು ಎರಡು ಚಲನೆಗಳನ್ನು ಒಟ್ಟಿಗೆ ಹೇಳುತ್ತದೆ: ಬಲಿಷ್ಠರು ಆಸನಗಳಿಂದ ಕೆಳಗಿಳಿಯುತ್ತಾರೆ, ದೀನರು ಮೇಲೇಳುತ್ತಾರೆ. ಮೊದಲನೆಯದನ್ನಷ್ಟೇ ಎಲ್ಲರಿಗೂ ಸಮನಾಗಿ ಹಂಚುವುದು ಕ್ರೈಸ್ತ ಶ್ರದ್ಧೆಯ ಪೂರ್ಣ ಮಾತಲ್ಲ. ಭಾಷೆಯೊಂದು ತಲೆಯೆತ್ತುವುದಕ್ಕೂ ವ್ಯಕ್ತಿಯೊಬ್ಬ ತಲೆ ಬಾಗುವುದಕ್ಕೂ ಈ ನೆಲೆಯಲ್ಲಿ ವಿರೋಧವಿಲ್ಲ.

ದೈನ್ಯಕ್ಕೆ ಅದರದೇ ಆದ ಅಪಾಯವೂ ಉಂಟು. ಲೂಕನ 18ನೆಯ ಅಧ್ಯಾಯದಲ್ಲಿ ಯೇಸು ಹೇಳುವ ಸಾಮತಿಯಲ್ಲಿ ಫರಿಸಾಯನು ತಾನು ಇತರರಂತಲ್ಲ ಎಂದು ದೇವರಿಗೆ ಕೃತಜ್ಞತೆ ಹೇಳುತ್ತಾನೆ. ಸುಂಕದವನು ತಲೆಯೆತ್ತದೆ ಎದೆ ಬಡಿದುಕೊಳ್ಳುತ್ತಾನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ಕೇಳಿ ಬೆಳೆದ ಕನ್ನಡಿಗನಿಗೆ ಈ ಕಥೆಯ ಪೆಟ್ಟು ವಿಶೇಷವಾಗಿ ತಾಗಬೇಕು; ಕಲ್ಲೆದೆಯವನೆಂದು ಹೆಸರಾದವನೇ ಇಲ್ಲಿ ನೀತಿವಂತನಾಗಿ ಮನೆಗೆ ಮರಳುತ್ತಾನೆ. ಕಥೆ ಓದಿದವನು ತಾನು ಆ ಫರಿಸಾಯನಂತಲ್ಲವೆಂದು ಸಮಾಧಾನಪಟ್ಟರೆ ಫರಿಸಾಯನ ಪ್ರಾರ್ಥನೆಯನ್ನೇ ಮತ್ತೆ ಹೇಳಿದಂತಾಯಿತು. ವೀರಶೈವರ ಪಂಚಾಚಾರಗಳಲ್ಲಿ ಒಂದಾದ ಭೃತ್ಯಾಚಾರವೂ ಈ ಬಲೆಯನ್ನು ಬಲ್ಲದು: ಕಿಂಕರನೆಂಬ ಹೆಮ್ಮೆ ಕಿಂಕರತೆಯನ್ನು ತಿಂದುಹಾಕುತ್ತದೆ. ನ್ಯೂಮನ್ ಈ ಬಲೆಯನ್ನು ತಪ್ಪಿಸಿಕೊಂಡದ್ದು ಕಾಲದ ಬಳಕೆಯಿಂದ. ಅವನು ಈಗ ತಾನು ದೀನನೆಂದು ಎಲ್ಲಿಯೂ ಹೇಳುವುದಿಲ್ಲ. ಗರ್ವವನ್ನು ಭೂತಕಾಲದಲ್ಲಿ ಹೇಳಿ ವರ್ತಮಾನದಲ್ಲಿ ಬೇಡಿಕೆಯನ್ನಷ್ಟೇ ಇಡುತ್ತಾನೆ. ಕನ್ನಡವೂ ಈ ಕ್ರಮವನ್ನು ಕಾಪಾಡಿದೆ.

ಹೀಗಿರುವುದರಿಂದಲೇ ಈ ಪದ್ಯವನ್ನು ಹಾಡುವ ರೂಢಿಯ ಬಗ್ಗೆ ಒಂದು ಮಾತು ಅಗತ್ಯ. ಎಂ.ವಿ. ಸೀತಾರಾಮಯ್ಯನವರು ಸ್ಥಾಪಿಸಿದ ಬಿ.ಎಂ.ಶ್ರೀ. ಸ್ಮಾರಕ ಪ್ರತಿಷ್ಠಾನ ಇರುವುದು ಬೆಂಗಳೂರು ದಕ್ಷಿಣದ ನರಸಿಂಹರಾಜ ಕಾಲೋನಿಯಲ್ಲಿ. ಜಯನಗರ, ಬನಶಂಕರಿಗಳ ಕಡೆಯ ಕನ್ನಡ ಅಧ್ಯಾಪಕರಿಗೂ ಸಂಶೋಧಕರಿಗೂ ಅದು ಕೈಯಳತೆಯಲ್ಲಿದೆ. ಕವಿಯ ಹೆಸರು ಹೀಗೆ ಊರಿನಲ್ಲಿ ನೆಲೆಯಾಗಿದ್ದರೂ ಸಭೆ ಸಮಾರಂಭಗಳಲ್ಲಿ ಪದ್ಯ ಅನೇಕ ಸಲ ಮೊದಲ ಚರಣಕ್ಕೇ ಮುಗಿದುಬಿಡುತ್ತದೆ. ಸಮಯದ ಅಭಾವ ಒಪ್ಪತಕ್ಕ ಕಾರಣವೇ. ಆದರೆ ಮೊದಲ ಚರಣ ಮಾತ್ರ ಉಳಿದಾಗ ಕತ್ತಲೆ ಹೊರಗಿನಿಂದ ಬಂದ ಸಂಕಟವಾಗುತ್ತದೆ; ಬೇಡುವವನು ನಿರಪರಾಧಿಯಾಗುತ್ತಾನೆ. ಎರಡನೆಯ ಚರಣ ಸೇರಿದಾಗಲೇ ಆ ಕತ್ತಲೆಯಲ್ಲಿ ತನ್ನ ಪಾಲೂ ಇತ್ತೆಂಬ ಒಪ್ಪಿಗೆ ಬರುವುದು. ತರಗತಿಯಲ್ಲಿ ಈ ಪದ್ಯವನ್ನು ಬೋಧಿಸುವವರು ಛಂದಸ್ಸಿನ ಹೊಸತನಕ್ಕೆ ಕೊಡುವಷ್ಟೇ ಗಮನವನ್ನು ‘ಕೊಬ್ಬು’ ಎಂಬ ಶಬ್ದಕ್ಕೂ ಕೊಟ್ಟರೆ ಪದ್ಯದ ನಡುಭಾಗ ವಿದ್ಯಾರ್ಥಿಗೆ ದಕ್ಕೀತು.

ಕೊನೆಯ ಚರಣದ ಕೊನೆಯ ಚಿತ್ರವೊಂದು ಉಳಿಯಿತು. ಇರುಳು ಕಳೆದು ಬೆಳಗಾದಾಗ ಹಿಂದೆ ಪ್ರೀತಿಸಿದ, ನಡುವೆ ಕಳೆದುಕೊಂಡ ದೇವದೂತರ ಮುಖಗಳು ನಗುತ್ತವೆ ಎಂದು ಮೂಲ ಹೇಳುತ್ತದೆ. ಆ ಮುಖಗಳು ಯಾರವು ಎಂಬ ಬಗ್ಗೆ ಇಂಗ್ಲಿಷ್ ಓದುಗರು ಬಹಳ ಚರ್ಚಿಸಿದರು. ತೀರಿಕೊಂಡ ಬಂಧುಗಳೆಂದರು ಕೆಲವರು, ಬಾಲ್ಯದಲ್ಲಿ ಜೊತೆಯಿದ್ದು ಮುಂದೆ ಮರೆಯಾದ ದೇವದೂತರೆಂದರು ಕೆಲವರು. ಬಿ.ಎಂ.ಶ್ರೀ.ಯವರಲ್ಲಿ ದೇವದೂತರಿಲ್ಲ; ‘ದಿವ್ಯ ಮುಖ’ ಎಂದಷ್ಟೇ ಇದೆ. ನಪುಂಸಕ ನಾಮಪದಕ್ಕೆ ಬಹುವಚನ ಪ್ರತ್ಯಯ ಕಡ್ಡಾಯವಲ್ಲದ ಕನ್ನಡದಲ್ಲಿ ಅದು ಹಲವು ಮುಖಗಳೂ ಆಗಬಹುದು, ಒಂದೇ ಮುಖವೂ ಆಗಬಹುದು. ಒಂದೇ ಎಂದಾದರೆ ಅದು ಆ ಬೆಳಕಿನದೇ ಮುಖ. 1879ರಲ್ಲಿ ಗ್ರೀನ್‌ಹಿಲ್ ಎಂಬ ವೈದ್ಯರು ಈ ಸಾಲುಗಳ ಅರ್ಥವನ್ನು ಕೇಳಿ ಬರೆದಾಗ ವೃದ್ಧ ನ್ಯೂಮನ್ ವಿವರಣೆ ಕೊಡಲಿಲ್ಲ. ಸುಮಾರು ಐವತ್ತು ವರ್ಷಗಳ ಹಿಂದೆ ತಾನು ಏನನ್ನು ಉದ್ದೇಶಿಸಿದ್ದೆನೆಂದು ನೆನಪಿಟ್ಟುಕೊಳ್ಳಬೇಕಾದ ಹೊಣೆ ತನಗಿಲ್ಲವೆಂದು ಅವನು ಉತ್ತರಿಸಿದನು.